ಮೇಕೆಮರಿಯಿಂದ ತಮಾಷೆಯವರೆಗೆ: ‘ಕಿಡ್ಡಿಂಗ್’ ಪದದ ಜಾಡು ಹಿಡಿಯುವ ಬಗೆ

ಇಂಗ್ಲಿಷಿನ ‘ಕಿಡ್’ಗೆ ಗೈಡುಗಳಲ್ಲಿ ಒಂದೇ ಅರ್ಥ: ಮಗು. ‘ಕಿಡ್ಡಿಂಗ್’ಗೂ ಒಂದೇ: ತಮಾಷೆ ಮಾಡುವುದು. ಎರಡೂ ಸರಿಯೇ. ಆದರೆ ಮಗುವಿಗೂ ತಮಾಷೆಗೂ ಏನು ನಂಟು ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದರೆ ಗೈಡಿನಲ್ಲಿ ಉತ್ತರವಿಲ್ಲ. ನಾನು ಶಿರಾ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಈ ಪ್ರಶ್ನೆಗೆ ಉತ್ತರವನ್ನು ನಾನೇ ಹೇಳಿಬಿಡುವುದಿಲ್ಲ. ಮಕ್ಕಳ ಕೈಯಿಂದಲೇ ಹುಡುಕಿಸುತ್ತೇನೆ. ಪದವೊಂದರ ಹುಟ್ಟನ್ನು ಹುಡುಕಲು ದೊಡ್ಡ ವಿದ್ವತ್ತು ಬೇಕಿಲ್ಲ. ತಾಳ್ಮೆ ಬೇಕು, ಒಂದು ಕ್ರಮ ಬೇಕು. ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಬೇರೆ ಯಾವ ಪದವನ್ನಾದರೂ ಇದೇ ದಾರಿಯಲ್ಲಿ ಹಿಂಬಾಲಿಸಬಹುದು.

ಮೊದಲು ಚೀಟಿಗಳು

ಹಳೆಯ ಪ್ರಶ್ನೆಪತ್ರಿಕೆಗಳ ಖಾಲಿ ಬೆನ್ನನ್ನು ಅಂಗೈಯಗಲಕ್ಕೆ ಕತ್ತರಿಸಿಕೊಳ್ಳಿ. ಪ್ರತಿ ಚೀಟಿಯ ಎಡಮೂಲೆಯಲ್ಲಿ ಪದ, ನಡುವೆ ಆ ಪದವಿರುವ ಪೂರ್ತಿ ವಾಕ್ಯ, ಕೆಳಗೆ ಅದನ್ನು ಯಾರು ಯಾವಾಗ ಹೇಳಿದರು ಅಥವಾ ಬರೆದರು ಎಂಬ ವಿವರ. ಒಂದು ಚೀಟಿಗೆ ಒಂದೇ ವಾಕ್ಯ. ಇದು ನಾನು ಕಂಡುಹಿಡಿದ ಉಪಾಯವಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಹುಟ್ಟಿದ್ದೇ ಹೀಗೆ. ಭಾಷೆಗಳ ಅಧ್ಯಯನಕ್ಕೆಂದಿದ್ದ ಲಂಡನ್ನಿನ ಫಿಲಾಲಜಿಕಲ್ ಸೊಸೈಟಿ 1857ರಲ್ಲಿ ಆರಂಭಿಸಿದ ಕೆಲಸಕ್ಕೆ ಊರೂರುಗಳ ಸಾಮಾನ್ಯ ಓದುಗರು ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಅಂಚೆಯಲ್ಲಿ ಕಳುಹಿಸುತ್ತಿದ್ದರು. 1879ರಲ್ಲಿ ಸಂಪಾದಕತ್ವ ವಹಿಸಿಕೊಂಡ ಜೇಮ್ಸ್ ಮರ್ರೆ ಆಗ ಮಿಲ್ ಹಿಲ್ ಶಾಲೆಯ ಮೇಷ್ಟ್ರು. ಶಾಲೆಯ ಆವರಣದಲ್ಲಿ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, ಗೋಡೆಗೆ ಸಾಲು ಸಾಲು ಗೂಡುಗಳನ್ನು ಮಾಡಿಸಿ, ಚೀಟಿಗಳನ್ನು ಅಕ್ಷರವಾರು ಜೋಡಿಸಿಟ್ಟರು. ಮೊದಲ ಕಂತು 1884ರಲ್ಲಿ ಅಚ್ಚಾಯಿತು, ಕೊನೆಯದು 1928ರಲ್ಲಿ. ಅದನ್ನು ನೋಡಲು ಮರ್ರೆ ಇರಲಿಲ್ಲ, 1915ರಲ್ಲೇ ತೀರಿಕೊಂಡಿದ್ದರು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲೂ ಅರ್ಥದ ಪಕ್ಕದಲ್ಲಿ ಶಾಸನ, ಕಾವ್ಯಗಳ ಸಾಲುಗಳಿವೆ. ಆ ಸಾಲುಗಳೇ ಸಾಕ್ಷಿ. ಸಾಕ್ಷಿಯಿಲ್ಲದ ಅರ್ಥವನ್ನು ಒಪ್ಪಬೇಡಿ ಎಂದು ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಈಗ ‘ಕಿಡ್ಡಿಂಗ್’ ಇರುವ ವಾಕ್ಯಗಳನ್ನು ಹಿಡಿಯಿರಿ. ಟಿವಿ, ಸಿನಿಮಾ, ಕಥೆಪುಸ್ತಕ, ಬೆಂಗಳೂರಿನಲ್ಲಿ ಕೆಲಸ ಮಾಡುವ ಅಕ್ಕನ ಫೋನಿನ ಮಾತು, ಎಲ್ಲವೂ ಆಗುತ್ತದೆ. ಸಾಮಾನ್ಯವಾಗಿ ಐದು ಬಗೆಯವು ಸಿಗುತ್ತವೆ. ‘ಐ ಆ್ಯಮ್ ಜಸ್ಟ್ ಕಿಡ್ಡಿಂಗ್’: ಸುಮ್ಮನೆ ತಮಾಷೆಗೆ ಹೇಳಿದೆ. ‘ಆರ್ ಯೂ ಕಿಡ್ಡಿಂಗ್?’: ಇದು ನಿಜವೇ, ನನಗೆ ನಂಬಿಕೆ ಬರುತ್ತಿಲ್ಲ. ‘ನೋ ಕಿಡ್ಡಿಂಗ್’: ಆಣೆಯಿಟ್ಟು ಹೇಳುತ್ತೇನೆ, ಸ್ವರ ಬದಲಾದರೆ, ಅದು ಎಲ್ಲರಿಗೂ ಗೊತ್ತಿರುವ ವಿಷಯವೇ. ‘ಹೂ ಆರ್ ಯೂ ಕಿಡ್ಡಿಂಗ್?’: ಯಾರ ಕಿವಿಗೆ ಹೂವಿಡುತ್ತಿದ್ದೀಯೆ? ಕೊನೆಯದು ‘ಡೋಂಟ್ ಕಿಡ್ ಯುವರ್‌ಸೆಲ್ಫ್’: ನಿನ್ನನ್ನು ನೀನೇ ಮೋಸಗೊಳಿಸಿಕೊಳ್ಳಬೇಡ.

ಚೀಟಿಗಳನ್ನು ಮೇಜಿನ ಮೇಲೆ ಹರಡಿ ಅರ್ಥಕ್ಕೆ ತಕ್ಕಂತೆ ಗುಂಪು ಮಾಡಿ. ಮೊದಲ ಮೂರು ಸುಲಭವಾಗಿ ಒಂದು ಗುಂಪಿಗೆ ಬರುತ್ತವೆ. ಕೊನೆಯ ಎರಡು ಸೇರುವುದಿಲ್ಲ, ಅವುಗಳಲ್ಲಿ ನಗುವೇ ಇಲ್ಲ. ವೈದ್ಯರು ರೋಗಿಗೆ, ತಾಯಿ ಮಗನಿಗೆ, ಕಹಿಸತ್ಯ ಹೇಳುವಾಗ ‘ಡೋಂಟ್ ಕಿಡ್ ಯುವರ್‌ಸೆಲ್ಫ್’ ಎನ್ನುತ್ತಾರೆ. ಗುಂಪಿಗೆ ಸೇರದ ಈ ಎರಡು ಚೀಟಿಗಳಿಗೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ ಬೇರೆ ಇಡಿ. ಪದಮೂಲದ ಹುಡುಕಾಟದಲ್ಲಿ ಹೊಂದದೆ ಉಳಿಯುವ ವಾಕ್ಯಕ್ಕೆ ಬಹಳ ಬೆಲೆಯಿದೆ. ಹಳೆಯ ಅರ್ಥವೊಂದು ಅಲ್ಲಿ ಉಸಿರಾಡುತ್ತಿರುವ ಸಾಧ್ಯತೆ ಹೆಚ್ಚು.

ನಿಘಂಟನ್ನು ತೆರೆಯುವಾಗ

‘ಕಿಡ್ಡಿಂಗ್’ ಎಂದು ಹುಡುಕಬೇಡಿ. ಬಾಲದ ‘ಇಂಗ್’ ಕಳಚಿ, ಇಮ್ಮಡಿಯಾದ ‘ಡಿ’ಯನ್ನು ಒಂದಾಗಿಸಿ, ‘ಕಿಡ್’ಗೆ ಹೋಗಿ. ದೊಡ್ಡ ನಿಘಂಟುಗಳಲ್ಲಿ ಈ ರೂಪಕ್ಕೆ ಒಂದಕ್ಕಿಂತ ಹೆಚ್ಚು ನಮೂದುಗಳಿರುತ್ತವೆ, ತಲೆಯ ಮೇಲೆ ಪುಟ್ಟದಾಗಿ ಒಂದು, ಎರಡು, ಮೂರು ಎಂದು ಅಂಕಿ ಇರುತ್ತದೆ. ಅಂಕಿ ಬದಲಾದರೆ ಪದವೇ ಬೇರೆ, ಕಾಗುಣಿತ ಮಾತ್ರ ಒಂದೇ ಎಂದು ತಿಳಿಯಿರಿ. ಇಂಗ್ಲಿಷಿನಲ್ಲಿ ಹಿಂದೆ ಪುರಲೆ ಸೌದೆಯ ಹೊರೆಗೂ ‘ಕಿಡ್’ ಎನ್ನುತ್ತಿದ್ದರು. ಹಡಗಿನ ನಾವಿಕರು ಊಟ ಹಾಕಿಸಿಕೊಳ್ಳುವ ಮರದ ಪುಟ್ಟ ತೊಟ್ಟಿಯೂ ‘ಕಿಡ್’. ಇವಕ್ಕೂ ನಮ್ಮ ಪದಕ್ಕೂ ಸಂಬಂಧವಿಲ್ಲ. ಹಾಗೆಯೇ ‘ಕಿಡ್ನಿ’ಯೊಳಗೆ ‘ಕಿಡ್’ ಕಾಣಿಸಿತು ಎಂದು ಮೂತ್ರಪಿಂಡವನ್ನು ಈ ಕುಟುಂಬಕ್ಕೆ ಎಳೆದು ತರಬೇಡಿ.

ಇನ್ನು ನಮೂದಿನ ಆರಂಭದಲ್ಲಿ ಅಥವಾ ಕೊನೆಯಲ್ಲಿ ಚೌಕ ಆವರಣದೊಳಗೆ ಸಣ್ಣ ಅಕ್ಷರಗಳಲ್ಲಿ ಇರುವ ಸಾಲು. ಮಕ್ಕಳು ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ, ಶಿಕ್ಷಕರೂ ಅಷ್ಟೇ. ಪದದ ಜಾತಕವಿರುವುದು ಅಲ್ಲಿಯೇ. ಅದರ ಸಂಕೇತಗಳನ್ನು ಒಮ್ಮೆ ಕಲಿತರೆ ಜೀವಮಾನಕ್ಕೆ ಸಾಕು. ‘ಓ.ಇ.’ ಎಂದರೆ ಹಳೆಯ ಇಂಗ್ಲಿಷ್, ಸುಮಾರು 1100ಕ್ಕೆ ಮುಂಚಿನದು. ‘ಎಂ.ಇ.’ ಎಂದರೆ ನಡುಗಾಲದ ಇಂಗ್ಲಿಷ್, ಅಲ್ಲಿಂದ 1500ರವರೆಗಿನದು. ‘ಓ.ಎನ್.’ ಎಂದರೆ ಹಳೆಯ ನಾರ್ಸ್, ಅಂದರೆ ಡೆನ್ಮಾರ್ಕ್, ನಾರ್ವೆ ಕಡೆಯ ಜನ ಆಡುತ್ತಿದ್ದ ಮಾತು. ‘ಓ.ಎಫ್.’ ಹಳೆಯ ಫ್ರೆಂಚ್. ಪದದ ಮುಂದೆ ಕಠಾರಿಯಂಥ ಗುರುತಿದ್ದರೆ ಅದು ಬಳಕೆ ತಪ್ಪಿದ್ದು. ನಕ್ಷತ್ರವಿದ್ದರೆ ಯಾವ ಬರಹದಲ್ಲೂ ಸಿಗದ, ಸೋದರ ಭಾಷೆಗಳನ್ನು ಹೋಲಿಸಿ ವಿದ್ವಾಂಸರು ಊಹಿಸಿ ಕಟ್ಟಿದ ರೂಪ. ಈ ನಕ್ಷತ್ರವನ್ನು ಗಮನಿಸದೆ ನಕಲು ಮಾಡುವವರು ಊಹೆಯನ್ನು ದಾಖಲೆಯೆಂದು ಹಂಚುತ್ತಾರೆ.

‘ಕಿಡ್’ನ ಜಾತಕ ಹೇಳುವುದಿಷ್ಟು: 1200ರ ಸುಮಾರಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿತು, ನಾರ್ಸ್ ಭಾಷಿಕರ ಕಡೆಯಿಂದ ಬಂತು, ಅರ್ಥ ಮೇಕೆಮರಿ. ಮಗುವಿನ ಸುದ್ದಿಯೇ ಆಗ ಇರಲಿಲ್ಲ.

ನಮ್ಮ ಶಾಲೆಯ ಮಕ್ಕಳಲ್ಲಿ ಅರ್ಧದಷ್ಟು ಜನರ ಮನೆಯಲ್ಲಿ ಮೇಕೆ ಇವೆ. ನಮ್ಮ ಅಪ್ಪನ ಮನೆಯ ಹಿತ್ತಿಲಲ್ಲೂ ರೊಪ್ಪ ಇತ್ತು. ಹುಟ್ಟಿದ ದಿನವೇ ತಡವರಿಸಿ ಎದ್ದು, ಮರುದಿನ ಒರಳುಕಲ್ಲಿನ ಮೇಲೆ ಹತ್ತಿ ಕುಪ್ಪಳಿಸುವ ಮರಿಯನ್ನು ನೋಡಿದವರಿಗೆ ಇಂಗ್ಲಿಷಿನ ಜನ ತಮ್ಮ ಮಕ್ಕಳನ್ನು ಇದೇ ಹೆಸರಿನಿಂದ ಯಾಕೆ ಕರೆದರು ಎಂದು ವಿವರಿಸುವ ಅಗತ್ಯ ಬೀಳುವುದಿಲ್ಲ. ‘ಬಾ ಮರೀ’ ಎಂದು ನಾವೂ ಕರೆಯುತ್ತೇವೆ.

ನಾರ್ಸ್ ಎಂದು ಹೇಗೆ ಗೊತ್ತು?

ಈ ಪ್ರಶ್ನೆಯನ್ನು ಬಿಡದೆ ಕೇಳಿ. ನಿಘಂಟು ಹೇಳಿತು ಎಂದು ಸುಮ್ಮನಾಗಬಾರದು, ಕಾರಣ ತಿಳಿದರೆ ಮುಂದಿನ ಪದಕ್ಕೂ ನೆರವಾಗುತ್ತದೆ. ಮೂರು ಸುಳಿವುಗಳಿವೆ.

ಒಂದು, ಇತಿಹಾಸ. 865ರಲ್ಲಿ ಡೇನರ, ಅಂದರೆ ನಾರ್ಸ್ ಆಡುತ್ತಿದ್ದ ಡೆನ್ಮಾರ್ಕ್ ಕಡೆಯವರ, ದೊಡ್ಡ ಸೈನ್ಯ ಇಂಗ್ಲೆಂಡಿಗೆ ಬಂದಿಳಿಯಿತು. ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ಅವರ ಜನ ನೆಲೆನಿಂತು ಹೊಲ ಉತ್ತರು, ದನ ಮೇಕೆ ಸಾಕಿದರು, ಅಲ್ಲಿಯವರೊಂದಿಗೆ ಮದುವೆ ಸಂಬಂಧ ಬೆಳೆಸಿದರು. ‘ಎಗ್’, ‘ಸ್ಕೈ’, ‘ವಿಂಡೋ’, ‘ನೈಫ್’, ‘ಟೇಕ್’ ಮೊದಲಾದ ದಿನಬಳಕೆಯ ಪದಗಳು ಅವರಿಂದ ಬಂದವು. ‘ದೇ’ ಎಂಬ ಸರ್ವನಾಮ ಕೂಡ.

ಎರಡು, ಅದೇ ವಸ್ತುವಿಗೆ ಮೊದಲಿದ್ದ ಹೆಸರು. ಹಳೆಯ ಇಂಗ್ಲಿಷಿನಲ್ಲಿ ಮೇಕೆಮರಿಗೆ ‘ಟಿಚೆನ್’ ಎಂಬ ಬೇರೆಯೇ ಪದವಿತ್ತು. ಅದು ಮಾತಿನಿಂದ ಅಳಿಯಿತು, ಊರ ಹೆಸರುಗಳಲ್ಲಿ ಉಳಿಯಿತು. ಹ್ಯಾಂಪ್‌ಶೈರ್‌ನ ಟಿಚ್‌ಫೀಲ್ಡ್ ಎಂದರೆ ಮೇಕೆಮರಿಗಳ ಬಯಲು, ಸಸೆಕ್ಸ್‌ನ ಟೈಸ್‌ಹರ್ಸ್ಟ್ ಎಂದರೆ ಮೇಕೆಮರಿಗಳ ಕಾಡುದಿಬ್ಬ. ಎರಡೂ ದಕ್ಷಿಣ ಇಂಗ್ಲೆಂಡಿನಲ್ಲಿವೆ ಎಂಬುದನ್ನು ಭೂಪಟ ತೆರೆದು ನೋಡಿ. ಡೇನರು ನೆಲೆಸಿದ್ದು ಅತ್ತ ಕಡೆ, ಈ ಊರುಗಳಿರುವುದು ಇತ್ತ ಕಡೆ.

ಮೂರು, ಧ್ವನಿ. ಇಂಗ್ಲಿಷಿನ ಸ್ವಂತ ಪದಗಳಲ್ಲಿ ಇಕಾರ, ಎಕಾರಗಳ ಮುಂದಿದ್ದ ಹಳೆಯ ‘ಕ’ ಬಹಳ ಕಡೆ ‘ಚ’ ಆಯಿತು. ಜರ್ಮನ್ನರ ‘ಕಿನ್’ ಇಂಗ್ಲಿಷಿನಲ್ಲಿ ‘ಚಿನ್’, ಗದ್ದ. ಸ್ಕಾಟ್ಲೆಂಡಿನವರು ‘ಕರ್ಕ್’ ಎನ್ನುವುದು ಇಂಗ್ಲೆಂಡಿನಲ್ಲಿ ‘ಚರ್ಚ್’. ಕನ್ನಡದ ಕಿವಿ ತಮಿಳಿನಲ್ಲಿ ‘ಚೆವಿ’ ಆಗಿರುವುದನ್ನು ಬಲ್ಲವರಿಗೆ ಈ ಮಾರ್ಪಾಡು ಹೊಸದಲ್ಲ. ಹಾಗಿರುವಾಗ ‘ಕಿಡ್’ ತನ್ನ ‘ಕ’ವನ್ನು ಉಳಿಸಿಕೊಂಡಿದೆ ಎಂದರೆ ಹೊರಗಿನಿಂದ ಬಂದಿರಬಹುದು ಎಂಬ ಅನುಮಾನ ಸಹಜ. ಆದರೆ ಇದನ್ನು ಸೂತ್ರವೆಂದು ಬಾಯಿಪಾಠ ಮಾಡಬೇಡಿ. ‘ಕಿಂಗ್’, ‘ಕಿಸ್’ ಇಂಗ್ಲಿಷಿನ ಸ್ವಂತ ಪದಗಳೇ. ಅವುಗಳ ಸ್ವರ ತಡವಾಗಿ ‘ಇ’ ಆದದ್ದರಿಂದ ‘ಕ’ ಉಳಿಯಿತು. ಒಂದು ಸುಳಿವು ಸಾಕಾಗುವುದಿಲ್ಲ, ಮೂರೂ ಒಂದೇ ಕಡೆ ಬೆರಳು ತೋರಿಸಿದಾಗ ನಂಬಿಕೆ ಗಟ್ಟಿಯಾಗುತ್ತದೆ.

ಕಾಲಾನುಕ್ರಮವಾಗಿ ಅರ್ಥಗಳನ್ನು ಓದಿ

ಆಕ್ಸ್‌ಫರ್ಡಿನ ದೊಡ್ಡ ನಿಘಂಟಿನಲ್ಲಿ ಅರ್ಥಗಳು ಹುಟ್ಟಿದ ವರುಷದ ಕ್ರಮದಲ್ಲಿವೆ. ಅದು ಕೈಗೆ ಸಿಗದಿದ್ದರೆ ಮೆರಿಯಮ್ ವೆಬ್‌ಸ್ಟರ್‌ನ ಜಾಲತಾಣ ಪ್ರತಿ ಪದದ ಮೊದಲ ದಾಖಲೆಯ ಕಾಲವನ್ನು ಉಚಿತವಾಗಿ ಕೊಡುತ್ತದೆ. ಡಗ್ಲಸ್ ಹಾರ್ಪರ್ ನಡೆಸುವ ಪದಮೂಲದ ಜಾಲತಾಣವೂ ಇದೆ. ಬೀದಿಮಾತುಗಳಿಗಾದರೆ ಜೊನಾಥನ್ ಗ್ರೀನ್ ಅವರ ನಿಘಂಟಿಗೆ ಸಮನಾದದ್ದು ಇಲ್ಲ, ಈಗ ಅದೂ ಜಾಲದಲ್ಲಿ ಉಚಿತ. ಎರಡು ಕಡೆ ನೋಡದೆ ಚೀಟಿಯಲ್ಲಿ ವರ್ಷ ಬರೆಯಬೇಡಿ.

ಮೇಕೆಮರಿಯಿಂದ ಮಗುವಿಗೆ ಅರ್ಥ ಹೊರಳಿದ್ದು 1590ರ ದಶಕದಲ್ಲಿ. ಆಗ ಅದು ಕೀಳುಮಾತು; ಮರ್ಯಾದಸ್ಥರ ಮನೆಯ ಸಲುಗೆಯ ಮಾತಾಗಿ ನೆಲೆಯೂರಿದ್ದು 1840ರ ದಶಕದ ಹೊತ್ತಿಗೆ. ಈ ಇನ್ನೂರೈವತ್ತು ವರ್ಷಗಳ ನಡುವೆ ಪದ ಎಲ್ಲಿತ್ತು ಎಂದು ಕೇಳಿ. ಬೀದಿಯಲ್ಲಿತ್ತು, ಹೆಚ್ಚಾಗಿ ಕಳ್ಳರ ಬಾಯಲ್ಲಿತ್ತು. 1670ರ ದಶಕದಲ್ಲಿ ‘ಕಿಡ್‌ನ್ಯಾಪರ್’ ಬರುತ್ತದೆ. ‘ಕಿಡ್’ ಎಂದರೆ ಹುಡುಗ, ‘ನ್ಯಾಪ್’ ಎಂದರೆ ಕಸಿದೊಯ್ಯುವುದು. ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಪ್ರಕಟಿಸಿದ ಕೀಳುಮಾತುಗಳ ನಿಘಂಟು ಇದನ್ನು ಬಿಡಿಸಿ ಹೇಳುತ್ತದೆ: ಮಕ್ಕಳನ್ನೂ ಕೆಲಸ ಕಲಿಯುವ ಹುಡುಗರನ್ನೂ ಹೆತ್ತವರಿಂದ, ಯಜಮಾನರಿಂದ ಕದ್ದು ಅಥವಾ ಮರುಳು ಮಾಡಿ ವಸಾಹತುಗಳಿಗೆ ಕಳುಹಿಸುತ್ತಿದ್ದವರು. ಅಮೆರಿಕದ ತೋಟಗಳಿಗೆ ಕೂಲಿಯಾಳುಗಳು ಬೇಕಿದ್ದರು, ಲಂಡನ್ನಿನ ಬೀದಿಗಳಲ್ಲಿ ಕೇಳುವವರಿಲ್ಲದ ಮಕ್ಕಳಿದ್ದರು. ಅಪಹರಣಕ್ಕೆ ಇಂದು ಜಗತ್ತೆಲ್ಲ ಬಳಸುವ ಪದ ಆ ಮಕ್ಕಳ ಸಂಕಟದಿಂದ ಹುಟ್ಟಿದ್ದು. ತರಗತಿಯಲ್ಲಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಪದಗಳ ಚರಿತ್ರೆಯಲ್ಲಿ ನೋವೂ ಇದೆ ಎಂದು ಮಕ್ಕಳಿಗೆ ತಿಳಿಯಬೇಕು.

ಕೈದಿ ಬರೆದ ನಿಘಂಟು

ಈಗ ಕೆಂಪು ಗುರುತಿನ ಚೀಟಿಗಳನ್ನು ಎತ್ತಿಕೊಳ್ಳಿ. ‘ಕಿಡ್’ ಕ್ರಿಯಾಪದವಾದದ್ದು 19ನೆಯ ಶತಮಾನದ ಆರಂಭದಲ್ಲಿ. ಮೊದಲ ಅರ್ಥ ತಮಾಷೆಯಾಗಿರಲಿಲ್ಲ. ಪುಸಲಾಯಿಸುವುದು, ಏಮಾರಿಸುವುದು ಎಂದಾಗಿತ್ತು. ಇದಕ್ಕೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಾಕ್ಷಿಯೊಂದಿದೆ, ಅದನ್ನು ನೀವೂ ಓದಲೇಬೇಕು.

ಜೇಮ್ಸ್ ಹಾರ್ಡಿ ವಾಕ್ಸ್ ಎಂಬ ಇಂಗ್ಲಿಷ್ ಕಳ್ಳನೊಬ್ಬನಿದ್ದ. ಬದುಕಿನಲ್ಲಿ ಮೂರು ಬಾರಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಗಡಿಪಾರಾದವನು. ಅಲ್ಲಿನ ನ್ಯೂಕ್ಯಾಸಲ್ ಎಂಬ ಶಿಕ್ಷಾ ನೆಲೆಯಲ್ಲಿದ್ದಾಗ, 1812ರಲ್ಲಿ, ಕಳ್ಳರ ಗುಟ್ಟಿನ ಮಾತಿಗೆ ಒಂದು ಪದಕೋಶ ಬರೆದು ಅದನ್ನು ಆ ನೆಲೆಯ ಅಧಿಕಾರಿಗೆ ಅರ್ಪಿಸಿದ. ನ್ಯಾಯವಿಚಾರಣೆಯ ಸಮಯದಲ್ಲಿ ನಿಮಗೆ ಇದು ಉಪಯೋಗಕ್ಕೆ ಬಂದೀತು ಎಂದು ಅರ್ಪಣೆಯಲ್ಲೇ ಹೇಳಿದ್ದಾನೆ. ಅದು ಮುಖಸ್ತುತಿಯ ಮಾತಲ್ಲ. ಸಿಡ್ನಿಯ ಆರಂಭದ ನ್ಯಾಯಾಲಯಗಳಲ್ಲಿ ಸಾಕ್ಷಿಗಳ ಹೇಳಿಕೆಯನ್ನು ತಿಳಿಯಲು ದುಭಾಷಿಯೊಬ್ಬ ಬೇಕಾಗುತ್ತಿದ್ದ ಎಂದು ವಾಟ್ಕಿನ್ ಟೆಂಚ್ ಎಂಬ ಸೇನಾಧಿಕಾರಿ 1793ರಲ್ಲೇ ಬರೆದಿದ್ದಾನೆ. ಇಂಗ್ಲಿಷರ ನ್ಯಾಯಾಲಯದಲ್ಲಿ ಇಂಗ್ಲಿಷಿಗೇ ದುಭಾಷಿ! ವಾಕ್ಸ್‌ನ ಪದಕೋಶ 1819ರಲ್ಲಿ ಅವನ ಆತ್ಮಕಥೆಯೊಂದಿಗೆ ಲಂಡನ್ನಿನಲ್ಲಿ ಅಚ್ಚಾಯಿತು. ಆಸ್ಟ್ರೇಲಿಯಾದಲ್ಲಿ ಸಿದ್ಧವಾದ ಮೊದಲ ಇಂಗ್ಲಿಷ್ ಪದಕೋಶವೆಂದು ಅದಕ್ಕೆ ಹೆಸರಿದೆ. ಗುಟೆನ್‌ಬರ್ಗ್ ಯೋಜನೆಯ ಆಸ್ಟ್ರೇಲಿಯಾ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು.

ಅದರ ‘ಕೆ’ ಅಕ್ಷರಕ್ಕೆ ಹೋಗಿ. ‘ಕಿಡ್’ ಎಂದರೆ ಹುಡುಗ ಅಥವಾ ಹುಡುಗಿ, ಮುಖ್ಯವಾಗಿ ಎಳೆವಯಸ್ಸಿನಲ್ಲೇ ಕಳ್ಳತನಕ್ಕೆ ಇಳಿದ ಹುಡುಗ ಎಂದು ವಾಕ್ಸ್ ಬರೆಯುತ್ತಾನೆ. ಅಲ್ಲಿಯೇ ‘ಕಿಡ್ ರಿಗ್’ ಎಂಬ ನಮೂದೂ ಇದೆ. ಅದರ ಸಾರಾಂಶವನ್ನು ನನ್ನ ಮಾತಿನಲ್ಲಿ ಕೊಡುತ್ತೇನೆ. ಯಾರದೋ ಮನೆಯ ಕೆಲಸದ ಮೇಲೆ ಗಂಟು ಹೊತ್ತು ಬೀದಿಯಲ್ಲಿ ಹೋಗುತ್ತಿರುವ ಮಗುವನ್ನು ಕಳ್ಳನೊಬ್ಬ ತಡೆಯುತ್ತಾನೆ. ನಂಬುವಂಥ ಸುಳ್ಳೊಂದನ್ನು ಹೆಣೆದು ಹೇಳಿ, ಮಗುವಿನ ಕೈಯಲ್ಲಿರುವುದನ್ನು ಇಸಿದುಕೊಂಡು ಮಾಯವಾಗುತ್ತಾನೆ. ಈ ಆಟಕ್ಕೆ ಇಬ್ಬರು ಬೇಕು, ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಕೆಲವೊಮ್ಮೆ ಬೆಳೆದ ಹಮಾಲರೂ ಇದಕ್ಕೆ ಬಲಿಬೀಳುತ್ತಾರೆ. ಹೀಗೆ ಇಂಥವರು ಕಳುಹಿಸಿದ್ದಾರೆ ಎಂದೋ ಇನ್ನೇನೋ ಸುಳ್ಳು ಹೇಳಿ ಒಬ್ಬರಿಂದ ಏನನ್ನಾದರೂ ಲಪಟಾಯಿಸುವುದೇ ಆತನನ್ನು ‘ಕಿಡ್’ ಮಾಡುವುದು.

ಈ ನಮೂದನ್ನು ನಿಧಾನವಾಗಿ ಎರಡು ಸಲ ಓದಿ. ಮಗು ಎಂಬ ನಾಮಪದವೂ ಮೋಸ ಎಂಬ ಕ್ರಿಯೆಯೂ ಒಂದೇ ಬೀದಿಯಲ್ಲಿ, ಒಂದೇ ಕ್ಷಣದಲ್ಲಿ ಎದುರಾಗುವುದು ಇಲ್ಲಿ. ಮಗುವನ್ನು ನಂಬಿಸಿದ ಹಾಗೆ ದೊಡ್ಡವರನ್ನು ನಂಬಿಸಿದರೂ ಅದು ‘ಕಿಡ್’ ಮಾಡಿದ್ದೇ. ನಿಘಂಟುಗಳು ಈ ಕ್ರಿಯಾಪದ ‘ಪ್ರಾಯಶಃ’ ನಾಮಪದದಿಂದಲೇ ಬಂದಿದೆ, ಒಬ್ಬನನ್ನು ಮಗುವಿನಂತೆ ಕಾಣುವುದು ಎಂಬ ಭಾವದಿಂದ, ಎನ್ನುತ್ತವೆ. ಚೀಟಿಯಲ್ಲಿ ಆ ‘ಪ್ರಾಯಶಃ’ವನ್ನು ಅಳಿಸದೆ ಬರೆದುಕೊಳ್ಳಿ. ಪದಮೂಲದ ಬರಹಗಳನ್ನು ಕೆಡಿಸುವುದು ಸುಳ್ಳಿಗಿಂತ ಹೆಚ್ಚಾಗಿ, ಕೈಯಿಂದ ಕೈಗೆ ದಾಟುವಾಗ ಉದುರಿಹೋಗುವ ಇಂಥ ಪುಟ್ಟ ಮಾತುಗಳು.

1839ರ ಹೊತ್ತಿಗೆ ಅರ್ಥ ಮೃದುವಾಗಿದೆ: ನೋವಾಗದಂತೆ ಛೇಡಿಸುವುದು, ಸುಳ್ಳನ್ನು ನಂಬಿಸಿ ನಗುವುದು. ಕಳ್ಳ ಗಂಟನ್ನು ಒಯ್ಯುತ್ತಿದ್ದ. ಗೆಳೆಯ ಏನನ್ನೂ ಒಯ್ಯದೆ, ಕೊನೆಗೆ ‘ಸುಮ್ಮನೆ ಹೇಳಿದೆ’ ಎಂದು ನಿಜ ಒಪ್ಪಿಸುತ್ತಾನೆ. ಇಬ್ಬರೂ ಮಾಡಿದ ಮೊದಲ ಕೆಲಸ ಒಂದೇ, ಇಲ್ಲದ್ದನ್ನು ನಂಬಿಸುವುದು. ‘ಡೋಂಟ್ ಕಿಡ್ ಯುವರ್‌ಸೆಲ್ಫ್’ನಲ್ಲಿ ಉಳಿದಿರುವುದು ಕಳ್ಳನ ಕಾಲದ ಆ ಹಳೆಯ ಅರ್ಥ. ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿ ಸಿಗುತ್ತದೆ, ಅದೂ ಅವಳೇ ಬರೆದ ಚೀಟಿಗಳಿಂದ.

ಕಿವಿಗೆ ಇಂಪಾದ ಕಥೆಗಳ ಬಗ್ಗೆ ಎಚ್ಚರ

‘ಕಿಡ್’ ಬಂದದ್ದು ಕನ್ನಡದ ‘ಕಿರಿ’ಯಿಂದ ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಹೇಳುತ್ತಾರೆ. ಹೇಳುವವರ ಭಾಷಾಭಿಮಾನವನ್ನು ನಾನು ಗೌರವಿಸುತ್ತೇನೆ, ವಾದವನ್ನು ಒಪ್ಪುವುದಿಲ್ಲ. ಇಂಥ ಕಥೆ ಎದುರಾದಾಗ ಕೇಳಬೇಕಾದದ್ದು: ಎರಡು ಭಾಷೆಗಳ ಜನ ಆ ಕಾಲದಲ್ಲಿ ಎಲ್ಲಿ ಭೇಟಿಯಾದರು? ನಡುವಿನ ರೂಪಗಳು ಯಾವ ಬರಹದಲ್ಲಿವೆ? ಹಳೆಯ ಅರ್ಥ ಹೊಂದುತ್ತದೆಯೇ? 1200ರ ಇಂಗ್ಲೆಂಡಿನ ಕುರಿಗಾಹಿಗೂ ಕನ್ನಡಿಗರಿಗೂ ಭೇಟಿಯಿಲ್ಲ. ಡೆನ್ಮಾರ್ಕ್‌ನಲ್ಲಿ ಅದೇ ಪದ ಅದೇ ಅರ್ಥದಲ್ಲಿ ಇಂದಿಗೂ ಇದೆ, ಜರ್ಮನ್ನರಲ್ಲಿ ‘ಕಿಟ್ಸ್’ ಇದೆ.

ಧ್ವನಿಯೂ ಅರ್ಥವೂ ಎರಡೂ ಹೊಂದಿದರೂ ಸಂಬಂಧವಿಲ್ಲದಿರಬಹುದು. ‘ಬದಮಾಷ್’, ‘ಬದನಾಮು’ಗಳಲ್ಲಿ ಇರುವ ಪಾರ್ಸಿಯ ‘ಬದ್’ ಎಂದರೆ ಕೆಟ್ಟ. ಇಂಗ್ಲಿಷಿನ ‘ಬ್ಯಾಡ್’ ಎಂದರೂ ಕೆಟ್ಟ. ಎರಡಕ್ಕೂ ನಂಟಿಲ್ಲ. ಉತ್ತರ ಕ್ವೀನ್ಸ್‌ಲ್ಯಾಂಡಿನ ಮೂಲನಿವಾಸಿಗಳ ಎಂಬಬರಮ್ ಭಾಷೆಯಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಿದ್ದರು. ಆ ಭಾಷೆಯನ್ನು ದಾಖಲಿಸಿದ ಆರ್. ಎಂ. ಡಬ್ಲ್ಯೂ. ಡಿಕ್ಸನ್ ಅದು ಇಂಗ್ಲಿಷಿನಿಂದ ಬಂದದ್ದಲ್ಲ, ಅಕ್ಕಪಕ್ಕದ ಭಾಷೆಗಳ ‘ಗುದಗ’ ಎಂಬ ರೂಪದ ಸೋದರ ಎಂದು ತೋರಿಸಿಕೊಟ್ಟರು. ಈ ಉದಾಹರಣೆಯನ್ನು ನಾನು ಎಂದೂ ಬಿಡುವುದಿಲ್ಲ. ಇದನ್ನು ಕೇಳಿದ ಮೇಲೆ ಮಕ್ಕಳು ಬರಿಯ ಸದ್ದಿನ ಹೋಲಿಕೆಯನ್ನು ನಂಬುವುದನ್ನು ಬಿಡುತ್ತಾರೆ.

ಅದೇ ಕೆಲಸ ಮಾಡುವ ಬೇರೆ ಪದಗಳನ್ನೂ ಪಕ್ಕದಲ್ಲಿಟ್ಟು ನೋಡಿ, ಬೇಗ ಮುಗಿಯುತ್ತದೆ. ‘ಜೋಕ್’ ಲ್ಯಾಟಿನ್ನಿನ ‘ಯೋಕುಸ್’ನಿಂದ 17ನೆಯ ಶತಮಾನದಲ್ಲಿ ಬಂತು, ಮೊದಲು ಅದೂ ಲಘುಮಾತೇ. ಅದೇ ಬೇರಿನಿಂದ ಫ್ರೆಂಚ್ ಮೂಲಕ ‘ಜೆಪರ್ಡಿ’ ಬಂದಿದೆ: ಎರಡೂ ಕಡೆ ಸಮಸಮವಾದ ಆಟ, ಗೆಲ್ಲುವವರು ಯಾರೆಂದು ತಿಳಿಯದ ಸ್ಥಿತಿ, ಕೊನೆಗೆ ಅಪಾಯ. ‘ಜೆಸ್ಟ್’ ಎಂದರೆ ಮೊದಲು ವೀರರ ಸಾಹಸದ ಕಥನ. ‘ಜೆಸ್ಟರ್’ ಅದನ್ನು ಹಾಡಿ ಹೇಳುವವನು. ವೀರಗಾಥೆ ಹರಟೆಯಾಗಿ, ಹರಟೆ ಅಣಕವಾಗಿ, 16ನೆಯ ಶತಮಾನದಲ್ಲಿ ನಗೆಮಾತಾಯಿತು. ‘ಬ್ಯಾಂಟರ್’, ಅಂದರೆ ಸಲುಗೆಯ ಚೇಷ್ಟೆಮಾತು, ಮಾತ್ರ ಯಾರ ಕೈಗೂ ಸಿಕ್ಕಿಲ್ಲ. ಅದು ಪುಂಡರಿಂದ ಹೊರಟು, ಆಳುಗಳ ಬಾಯಿಗೆ ಬಂದು, ಕೊನೆಗೆ ಪಂಡಿತರ ಕೈಸೇರಿತು ಎಂದು ಜೊನಾಥನ್ ಸ್ವಿಫ್ಟ್ 1710ರಲ್ಲಿ ಗೊಣಗಿದ್ದಾನೆ. ಸ್ಯಾಮ್ಯುಯಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಅದನ್ನು ಮೂಲವಿಲ್ಲದ ಒರಟು ಪದವೆಂದು ಕರೆದ. ‘ಮೂಲ ತಿಳಿಯದು’ ಎಂದು ನಿಘಂಟು ಹೇಳಿದರೆ ನಿರಾಶೆ ಬೇಡ. ಅದು ಪ್ರಾಮಾಣಿಕ ಉತ್ತರ, ಚೀಟಿಯಲ್ಲಿ ಹಾಗೆಯೇ ಬರೆಯಿರಿ.

ಬಳಸುವಾಗ

ಇಷ್ಟು ತಿಳಿದ ಮೇಲೆ ಪದವನ್ನು ಬಳಸುವ ಕೈಯಲ್ಲೂ ಹದ ಬರುತ್ತದೆ. ‘ಕಿಡ್ಡಿಂಗ್’ ಸಲುಗೆಯ ಮಾತು. ಗೆಳತಿಗೆ, ತಮ್ಮನಿಗೆ ಹೇಳಬಹುದು. ಕೆಲಸದ ಸಂದರ್ಶನದಲ್ಲಿ ಕೂತು ‘ಆರ್ ಯೂ ಕಿಡ್ಡಿಂಗ್?’ ಎಂದರೆ ‘ನೀವು ನನ್ನನ್ನು ಏಮಾರಿಸುತ್ತಿದ್ದೀರಾ?’ ಎಂದು ಕೇಳಿದಂತೆ. ಅಲ್ಲಿ ‘ಆರ್ ಯೂ ಸೀರಿಯಸ್?’ ಕೂಡ ಬೇಡ. ನನಗೆ ಸರಿಯಾಗಿ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳುವಿರಾ ಎಂಬ ಭಾವದ ಪೂರ್ಣ ವಾಕ್ಯವನ್ನು ಬಳಸಿ. ವ್ಯಾಕರಣದಲ್ಲಿ ಒಂದು ಸೂಕ್ಷ್ಮವಿದೆ: ‘ಜೋಕ್’ ಮಾಡುವುದಕ್ಕೆ ಎದುರಿಗೆ ಕರ್ಮಪದ ಬೇಕಿಲ್ಲ, ‘ಕಿಡ್’ ಮಾತ್ರ ಒಬ್ಬರನ್ನು ಹಿಡಿಯಬಲ್ಲದು. ‘ಯೂ ಆರ್ ಕಿಡ್ಡಿಂಗ್ ಮಿ’ ಎನ್ನಬಹುದು, ‘ಯೂ ಆರ್ ಜೋಕಿಂಗ್ ಮಿ’ ಎನ್ನಲಾಗದು. ಯಾರನ್ನೋ ಏಮಾರಿಸುವ ಹಳೆಯ ಕ್ರಿಯೆಯ ಕಟ್ಟು ಇಂದಿಗೂ ಆ ಪದದಲ್ಲಿದೆ.

ಇನ್ನೊಂದು ಮಾತು. ಒಬ್ಬರ ಬಣ್ಣ, ಜಾತಿ, ದೇಹ, ಅಪ್ಪನ ಕಸುಬು ಹಿಡಿದು ಚುಚ್ಚಿ, ಅವರ ಮುಖ ಬಾಡಿದ ಮೇಲೆ ‘ಜಸ್ಟ್ ಕಿಡ್ಡಿಂಗ್’ ಎನ್ನುವ ರೂಢಿ ನಮ್ಮ ಶಾಲೆಗಳಿಗೂ ಬಂದಿದೆ. ಹಾಗೆ ಹೇಳಿದ ಹುಡುಗನ ಕೈಗೆ ನಾನು ವಾಕ್ಸ್‌ನ ನಮೂದನ್ನು ಕೊಟ್ಟು ಜೋರಾಗಿ ಓದಿಸುತ್ತೇನೆ. ಗಂಟು ಕಳೆದುಕೊಂಡ ಮಗು ಯಾರು, ಇಸಿದುಕೊಂಡವನು ಯಾರು ಎಂದು ತರಗತಿಯನ್ನು ಕೇಳುತ್ತೇನೆ.

ಮನೆಯ ಪದವನ್ನೂ ಹಿಡಿಯಿರಿ

ಈ ಲೇಖನದಲ್ಲಿ ನಾನು ಧಾರಾಳವಾಗಿ ಬಳಸಿದ ‘ತಮಾಷೆ’ಗೂ ಹೀಗೆಯೇ ಚೀಟಿ ಮಾಡಿಸಿ. ‘ತಮಾಷೆ ಮಾಡಿದ’, ‘ತಮಾಷೆಯಾಗಿದೆ’, ‘ತಮಾಷೆಗೆ ಹೇಳಿದೆ’, ಇವೆಲ್ಲ ಒಂದು ಗುಂಪು. ‘ಜಗಳ ಬಿಡಿಸುವುದು ಬಿಟ್ಟು ಸುತ್ತ ನಿಂತು ತಮಾಷೆ ನೋಡುತ್ತಿದ್ದರು’ ಎಂಬುದು ಮಾತ್ರ ಆ ಗುಂಪಿಗೆ ಸೇರುವುದಿಲ್ಲ. ಅದಕ್ಕೆ ಕೆಂಪು ಗುರುತು ಹಾಕಿ. ಅರಬ್ಬಿಯಲ್ಲಿ ನಡೆಯುವುದು ಎಂಬ ಧಾತುವಿನಿಂದ ಹುಟ್ಟಿದ ಈ ಪದ ಪಾರ್ಸಿಯಲ್ಲಿ ಅಡ್ಡಾಟವೂ ಅಡ್ಡಾಡುತ್ತ ನೋಡುವ ನೋಟವೂ ಆಯಿತು, ಮರಾಠಿಯಲ್ಲಿ ಜನಪದ ರಂಗಪ್ರಕಾರದ ಹೆಸರಾಯಿತು, ನಮ್ಮಲ್ಲಿ ನಗೆಯಾಯಿತು. ‘ತಮಾಷೆ ನೋಡು’ ಎನ್ನುವಾಗ ನಾವು ಆಡುತ್ತಿರುವುದು ಆ ಹಳೆಯ ‘ನೋಟ’ವನ್ನೇ. ಭಾರತದಲ್ಲಿದ್ದ ಇಂಗ್ಲಿಷರೂ ಈ ಪದವನ್ನು ಎತ್ತಿಕೊಂಡರು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಹೊರತಂದ ಹಾಬ್ಸನ್ ಜಾಬ್ಸನ್ ಎಂಬ, ಭಾರತದ ಇಂಗ್ಲಿಷರ ಬಳಕೆಯ ಪದಗಳ ಕೋಶದಲ್ಲಿ ಅದಕ್ಕೆ ನಮೂದಿದೆ.

ಕನ್ನಡಕ್ಕೆ ಮೊದಲು ತೆರೆಯಬೇಕಾದದ್ದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು, ನಂತರ ಪರಿಷತ್ತಿನ ಸಂಪುಟಗಳು. ಕಿಟೆಲ್ ಹೊರಗಿನಿಂದ ಬಂದ ಪದಗಳಿಗೆ ಆಯಾ ಭಾಷೆಯ ಗುರುತು ಹಾಕಿದ್ದಾರೆ, ಸೋದರ ಭಾಷೆಗಳ ರೂಪಗಳನ್ನೂ ಕೊಟ್ಟಿದ್ದಾರೆ. ಮುನ್ನುಡಿಯ ಬಳಿಯಿರುವ ಸಂಕೇತಗಳ ಪಟ್ಟಿಯನ್ನು ಮೊದಲು ಓದಿಕೊಳ್ಳಿ. ಎರಡೂ ಜಾಲದಲ್ಲಿ ಸಿಗುತ್ತವೆ, ತಾಲ್ಲೂಕು ಗ್ರಂಥಾಲಯದಲ್ಲಿ ಕೇಳಿಯೂ ನೋಡಬಹುದು. ‘ಗೇಲಿ’, ‘ಕೀಟಲೆ’, ‘ಕುಚೋದ್ಯ’ ಈ ವರ್ಷ ನಮ್ಮ ಒಂಬತ್ತನೆಯ ತರಗತಿಯ ಪಾಲಿಗೆ ಬಂದಿರುವ ಪದಗಳು. ‘ಕುಚೋದ್ಯ’ವನ್ನು ಆಯ್ದುಕೊಂಡವರು ‘ಕು’ ಮತ್ತು ‘ಚೋದ್ಯ’ವನ್ನು ಬಿಡಿಸಿ, ಎರಡನ್ನೂ ಬೇರೆ ಬೇರೆ ಹುಡುಕಲಿ. ‘ಕೀಟಲೆ’ಯವರು ಮೊದಲು ಮನೆಯಲ್ಲಿ ಅಜ್ಜಿಯ ಬಾಯಿಂದ ಒಂದು ವಾಕ್ಯ ಕೇಳಿ, ಅವರ ಊರಿನ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು ಬರಲಿ.